ಚಾಮಯ್ಯ ಮೇಷ್ಟ್ರ ಮೇಲೆ ಮಗಳಿಗೆ ಬಂದ ಕೋಪ

ಹೊರದೇಶದಲ್ಲಿ ನಾಲ್ಕು ಕನ್ನಡದ ಮನೆಯವರು ಸೇರಿದರೆ ಮಕ್ಕಳ ಕನ್ನಡದ ಮಾತು ಬಂದೇ ಬರುತ್ತದೆ. ಆಗ ಯಾರಾದರೊಬ್ಬರು ಹಳೇ ಸಿನಿಮಾ ತೋರಿಸಿ ಅನ್ನುತ್ತಾರೆ. ರಾಜ್‌ಕುಮಾರ್ ಅವರ ಮಾತು ಕಿವಿಗೆ ಬೀಳುತ್ತಿದ್ದರೆ ಸಾಕು, ಭಾಷೆ ತಾನಾಗಿ ಬರುತ್ತದೆ ಅನ್ನುತ್ತಾರೆ. ಆ ಮಾತು ಸುಳ್ಳಲ್ಲ. ಆದರೆ ಸಿನಿಮಾವನ್ನು ಪಾಠ ಮಾಡಿದ ಕೂಡಲೇ ಮಕ್ಕಳಿಗೆ ಅದು ಗೊತ್ತಾಗಿಬಿಡುತ್ತದೆ. ಹತ್ತು ನಿಮಿಷ ಸುಮ್ನೆ ಕೂತು ಎದ್ದು ಹೋಗುತ್ತಾರೆ.

ನಾನು ಹೇಳುವುದು ಸ್ವಲ್ಪ ಬೇರೆ. ಹಳೇ ಸಿನಿಮಾಗಳನ್ನು ಮೊದಲು ನಮಗೋಸ್ಕರ ಮತ್ತೆ ನೋಡಬೇಕು. ನಾವು ಅವನ್ನು ನೋಡಿದ್ದು ಚಿಕ್ಕವರಿದ್ದಾಗ, ಇಲ್ಲವೇ ಕಾಲೇಜಿನ ದಿನಗಳಲ್ಲಿ. ಆಗ ನಾವು ಹೀರೋ ಕಡೆ, ಹೀರೋಯಿನ್ ಕಡೆ. ಈಗ ನಾವು ಅಪ್ಪ ಅಮ್ಮ. ಕಥೆ ಅದೇ, ಹಾಡು ಅದೇ, ಆದರೆ ಅದರೊಳಗೆ ನಾವು ನಿಲ್ಲುವ ಜಾಗ ಬದಲಾಗಿದೆ. ಆ ಹೊಸ ಜಾಗದಲ್ಲಿ ಕೂತು ನೋಡುವಾಗ ಪಕ್ಕದಲ್ಲಿ ಮಕ್ಕಳಿದ್ದರೆ, ಅವರು ಕೇಳುವ ಪ್ರಶ್ನೆಗಳೇ ಸಿನಿಮಾವನ್ನು ಮತ್ತೆ ತೆರೆಯುತ್ತವೆ. ನಮ್ಮ ಮನೆಯಲ್ಲಿ ಆಗಿದ್ದು ಹಾಗೆ. ಮಗಳು ಹೈಸ್ಕೂಲಿನಲ್ಲಿದ್ದಾಳೆ, ಮಗ ಇನ್ನೂ ಚಿಕ್ಕವನು. ನಾವಿರುವುದು ಇಂಗ್ಲೆಂಡಿನಲ್ಲಿ. ಚಳಿಗಾಲದಲ್ಲಿ ಸ್ಕೂಲು ಬಿಡುವ ಹೊತ್ತಿಗೇ ಕತ್ತಲಾಗುತ್ತದೆ. ಉದ್ದದ ಸಿನಿಮಾಗಳಿಗೆ ಹೇಳಿ ಮಾಡಿಸಿದ ಕಾಲ ಅದು.

‘ನಾಗರಹಾವು’ ವಿಷಯವನ್ನೇ ಮೊದಲು ಹೇಳುತ್ತೇನೆ. ನನ್ನ ಮಟ್ಟಿಗೆ ಇದು ಹೊರದೇಶದಲ್ಲಿರುವ ಪ್ರತಿ ಕನ್ನಡದ ತಂದೆ ತಾಯಿ ಮತ್ತೆ ನೋಡಬೇಕಾದ ಸಿನಿಮಾ. 1972ರದ್ದು. ಪುಟ್ಟಣ್ಣ ಕಣಗಾಲ್ ನಿರ್ದೇಶನ, ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಸೇರಿಸಿ ಮಾಡಿದ್ದು. ವಿಷ್ಣುವರ್ಧನ್ ಅವರನ್ನು ನಾಯಕನಾಗಿ ನಿಲ್ಲಿಸಿದ ಸಿನಿಮಾ. ಅಂಬರೀಶ್ ಮೊದಲು ತೆರೆಯ ಮೇಲೆ ಬಂದಿದ್ದೂ ಇದರಲ್ಲೇ, ಜಲೀಲನಾಗಿ. ಚಿಕ್ಕಂದಿನಲ್ಲಿ ನಮಗೆ ಇದು ರಾಮಾಚಾರಿಯ ಕಥೆ. ಚಿತ್ರದುರ್ಗದ ಬಂಡೆಗಳ ಮೇಲೆ ಕುಪ್ಪಳಿಸಿಕೊಂಡು ಓಡುವ ಹುಡುಗ, ಪರೀಕ್ಷೆಯಲ್ಲಿ ಕಾಪಿ ಹೊಡೆದು ಸಿಕ್ಕಿಬಿದ್ದು ಪ್ರಿನ್ಸಿಪಾಲರ ಮೇಲೆಯೇ ಸೇಡು ತೀರಿಸಿಕೊಳ್ಳುವ ಹುಡುಗ. ಚಾಮಯ್ಯ ಮೇಷ್ಟ್ರು ಅಂದರೆ ಕೆ.ಎಸ್. ಅಶ್ವಥ್, ಅಶ್ವಥ್ ಅಂದರೆ ಕರುಣೆ. ಅದರಾಚೆಗೆ ನಾವ್ಯಾರೂ ಯೋಚಿಸಿರಲಿಲ್ಲ.

ಮಗಳು ಸಿನಿಮಾ ಮುಗಿಯುವ ಹೊತ್ತಿಗೆ ಸಿಟ್ಟಾಗಿದ್ದಳು. ರಾಮಾಚಾರಿಯ ಮೇಲಲ್ಲ, ಮೇಷ್ಟ್ರ ಮೇಲೆ. “ಅವರು ಒಳ್ಳೆಯವರು ಅಂತ ಎಲ್ಲರೂ ಹೇಳ್ತಾರೆ, ಆದರೆ ಅವನ ಜೀವನ ಹಾಳು ಮಾಡಿದ್ದು ಅವರೇ ಅಲ್ವಾ?” ಅಂತ ಕೇಳಿದಳು. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಆದರೆ ಅವಳು ಹೇಳಿದ್ದರಲ್ಲಿ ತಪ್ಪೇನಿದೆ? ಹೆತ್ತವರ ಮಾತೂ ಕೇಳದ ಹುಡುಗ ಮೇಷ್ಟ್ರ ಮಾತಿಗೆ ಮಾತ್ರ ತಲೆ ಬಾಗುತ್ತಾನೆ. ಅವನು ಅಲಮೇಲುವನ್ನು ಇಷ್ಟಪಡುತ್ತಾನೆ. ಪಂಗಡ ಬೇರೆ, ಮದುವೆ ಆಗುವ ಹಾಗಿಲ್ಲ. ಅವಳನ್ನು ಬಿಟ್ಟುಬಿಡು ಅಂತ ಒಪ್ಪಿಸುವುದು ಮೇಷ್ಟ್ರು. ಬೈದು ಒಪ್ಪಿಸುವುದಿಲ್ಲ, ಪ್ರೀತಿಯಿಂದ ಒಪ್ಪಿಸುತ್ತಾರೆ. ಅಲಮೇಲು ಬೇರೆಯವನನ್ನು ಮದುವೆಯಾಗಿ ಅವಳ ಬಾಳು ಬೀದಿಗೆ ಬೀಳುತ್ತದೆ. ಅದನ್ನು ರಾಮಾಚಾರಿ ಕಣ್ಣಾರೆ ನೋಡುತ್ತಾನೆ. ಆಮೇಲೆ ಮಾರ್ಗರೆಟ್ ಬರುತ್ತಾಳೆ. ಈ ಸಲ ಧರ್ಮವೇ ಬೇರೆ. ಮತ್ತೆ ಮೇಷ್ಟ್ರು ಬರುತ್ತಾರೆ, ಮತ್ತೆ ಅದೇ ಪ್ರೀತಿಯಿಂದ ತಡೆಯುತ್ತಾರೆ. ಕೊನೆಗೆ ಬೆಟ್ಟದ ಮೇಲೆ ಮೇಷ್ಟ್ರೂ ಉಳಿಯುವುದಿಲ್ಲ, ಶಿಷ್ಯನೂ ಉಳಿಯುವುದಿಲ್ಲ, ಆ ಹುಡುಗಿಯೂ ಉಳಿಯುವುದಿಲ್ಲ.

ಮಕ್ಕಳಾಗಿ ನೋಡಿದಾಗ ಆ ಕೊನೆ ಅಳು ತರಿಸಿತ್ತು. ಈಗ ಭಯ ತರಿಸಿತು. ಯಾಕೆಂದರೆ ಈಗ ಮೇಷ್ಟ್ರ ಜಾಗದಲ್ಲಿ ಇರುವವರು ನಾವು. ನಮ್ಮ ಮಕ್ಕಳು ಓದುವ ಶಾಲೆಯಲ್ಲಿ, ಆಡುವ ಮೈದಾನದಲ್ಲಿ, ನಾಳೆ ಕೆಲಸ ಮಾಡುವ ಕಚೇರಿಯಲ್ಲಿ ಅಲಮೇಲುಗಳಿಗಿಂತ ಮಾರ್ಗರೆಟ್‌ಗಳೇ ಜಾಸ್ತಿ. ಅವರು ಯಾರನ್ನು ಇಷ್ಟಪಡುತ್ತಾರೆ ಅನ್ನುವುದು ನಮ್ಮ ಕೈಯಲ್ಲಿಲ್ಲ. ನಮ್ಮಲ್ಲಿ ಯಾರೂ ಮಕ್ಕಳನ್ನು ಹೊಡೆದು ಬಡಿದು ತಡೆಯುವವರಲ್ಲ. ನಾವು ತಡೆಯುವುದು ಚಾಮಯ್ಯ ಮೇಷ್ಟ್ರ ಹಾಗೆ. ‘ನಿನಗೋಸ್ಕರ ಇಷ್ಟೆಲ್ಲ ಮಾಡಿದೆವು, ನಮ್ಮ ಒಂದು ಮಾತು ಕೇಳಬಾರದಾ?’ ಈ ಮಾತಿಗೆ ಎಷ್ಟು ಬಲ ಇದೆ ಅನ್ನುವುದು ಆಡುವವರಿಗೆ ಕಾಣುವುದಿಲ್ಲ, ಕೇಳುವವರಿಗೆ ಗೊತ್ತು. ಪುಟ್ಟಣ್ಣ ಮೇಷ್ಟ್ರನ್ನು ಕೆಟ್ಟವರನ್ನಾಗಿ ಮಾಡಿಲ್ಲ. ಅದೇ ಆ ಸಿನಿಮಾದ ಶಕ್ತಿ. ಕೆಟ್ಟವರಾಗಿದ್ದರೆ ರಾಮಾಚಾರಿ ಅವರ ಮಾತನ್ನು ಕೇಳುತ್ತಲೇ ಇರಲಿಲ್ಲ.

ಆ ರಾತ್ರಿ ಮಗಳೂ ನಾನೂ ಬಹಳ ಹೊತ್ತು ಮಾತಾಡಿದೆವು. ಮದುವೆ, ಪ್ರೀತಿ, ಧರ್ಮ ಅಂತೆಲ್ಲ ನೇರವಾಗಿ ಕೂತು ಮಾತಾಡು ಅಂದರೆ ಯಾವ ಹದಿನೈದರ ಹುಡುಗಿಯೂ ಮಾತಾಡುವುದಿಲ್ಲ. ಅಲಮೇಲುವಿನ ಬಗ್ಗೆ ಮಾತಾಡುತ್ತಾಳೆ. ಮಾರ್ಗರೆಟ್ ಯಾಕೆ ತನ್ನ ಮನೆಯವರನ್ನು ಒಂದು ಸಲವೂ ಕೇಳಲಿಲ್ಲ ಅಂತ ಮಾತಾಡುತ್ತಾಳೆ. ನಡುನಡುವೆ ಇಂಗ್ಲಿಷ್ ಬಂತು, ಬರಲಿ. ಅರ್ಧಕ್ಕಿಂತ ಜಾಸ್ತಿ ಕನ್ನಡದಲ್ಲೇ ಆಯಿತು, ಯಾಕೆಂದರೆ ಆ ಪಾತ್ರಗಳು ಅವಳ ಕಿವಿಯಲ್ಲಿ ಕನ್ನಡದಲ್ಲಿದ್ದವು.

ಮಗ ಈ ಸಿನಿಮಾವನ್ನು ಪೂರ್ತಿ ನೋಡಲಿಲ್ಲ. ಅವನ ವಯಸ್ಸಿಗೆ ಇದು ಅಲ್ಲ, ತೋರಿಸಲೂ ಬಾರದು. ಅವನಿಗೆ ಒನಕೆ ಓಬವ್ವನ ಹಾಡಿನ ಭಾಗ ಮಾತ್ರ ತೋರಿಸಿದೆ. ಜಯಂತಿ ಒನಕೆ ಹಿಡಿದು ಕಿಂಡಿಯ ಪಕ್ಕ ನಿಲ್ಲುವುದು, ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ ತೂರಿ ಬರುವುದು. ಆ ಕಿಂಡಿ ಈಗಲೂ ಕೋಟೆಯಲ್ಲಿದೆ ಅಂತ ಹೇಳಿದ ಮೇಲೆ ಮುಂದಿನ ಸಲ ಊರಿಗೆ ಹೋದಾಗ ಚಿತ್ರದುರ್ಗಕ್ಕೆ ಹೋಗಲೇಬೇಕು ಅಂತ ಹಟ ಹಿಡಿದಿದ್ದಾನೆ. ಬೆಂಗಳೂರಿನ ಮಾಲು ಬಿಟ್ಟು ಬೇರೆ ಎಲ್ಲಿಗಾದರೂ ಹೋಗೋಣ ಅಂತ ಅವನೇ ಕೇಳಿದ್ದು ನನಗೆ ಬಹಳ ಸಂತೋಷ ಕೊಟ್ಟಿತು.

ಪುಟ್ಟಣ್ಣ ಅವರದೇ ಇನ್ನೊಂದು ಸಿನಿಮಾ, ಇದನ್ನು ಮಕ್ಕಳ ಜೊತೆ ಬೇಡ, ದೊಡ್ಡವರೇ ಕೂತು ನೋಡಿ. 1971ರ ‘ಶರಪಂಜರ’. ತ್ರಿವೇಣಿ ಅವರ ಕಾದಂಬರಿ, ಕಲ್ಪನಾ ಅವರ ಕಾವೇರಿ. ತ್ರಿವೇಣಿ ಮನಃಶಾಸ್ತ್ರ ಓದಿದವರು, ಆ ತಿಳಿವಳಿಕೆ ಕಥೆಯ ಉದ್ದಕ್ಕೂ ಕಾಣುತ್ತದೆ. ಕಾವೇರಿಗೆ ಮನಸ್ಸಿನ ಕಾಯಿಲೆ ಬರುತ್ತದೆ. ಚಿಕಿತ್ಸೆ ಆಗುತ್ತದೆ, ವಾಸಿಯಾಗಿ ಮನೆಗೆ ಬರುತ್ತಾಳೆ. ಆದರೆ ಮನೆ ಅವಳನ್ನು ವಾಸಿಯಾದವಳು ಅಂತ ಒಪ್ಪುವುದೇ ಇಲ್ಲ. ಗಂಡ ದೂರ ಸರಿಯುತ್ತಾನೆ, ನೆರೆಹೊರೆಯವರು ಅವಳು ನಕ್ಕರೂ ಅನುಮಾನಪಡುತ್ತಾರೆ, ಸುಮ್ಮನಿದ್ದರೂ ಅನುಮಾನಪಡುತ್ತಾರೆ. ಕಾಯಿಲೆಗಿಂತ ಆ ನೋಟವೇ ಅವಳನ್ನು ಮತ್ತೆ ಮುರಿಯುತ್ತದೆ.

ಇದನ್ನು ಮತ್ತೆ ನೋಡಿ ಅಂತ ಯಾಕೆ ಒತ್ತಿ ಹೇಳುತ್ತೇನೆ ಅಂದರೆ, ಇಲ್ಲಿಗೆ ಬಂದು ಮೊದಲ ಮಗು ಹೆತ್ತ ಎಷ್ಟೋ ಹೆಂಗಸರನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಊರಲ್ಲಾದರೆ ಬಾಣಂತನಕ್ಕೆ ಮನೆ ತುಂಬ ಜನ. ಇಲ್ಲಿ ಗಂಡನ ರಜೆ ಮುಗಿದರೆ ಮುಗಿಯಿತು, ಅಮ್ಮ ಬಂದಿದ್ದರೆ ವೀಸಾ ಮುಗಿಯುವವರೆಗೆ. ಆಮೇಲೆ ನಾಲ್ಕು ಗೋಡೆ, ಅಳುವ ಮಗು, ಹೊರಗೆ ಮಳೆ. ಕೆಲವರು ಒಳಗೊಳಗೇ ಕುಸಿಯುತ್ತಾರೆ. ಡಾಕ್ಟರ ಹತ್ತಿರ ಹೋಗಲು ಹೆದರುತ್ತಾರೆ. ಹೋದರೂ ನಮ್ಮವರಿಗೆ ಗೊತ್ತಾಗದಿರಲಿ ಅಂತ ಒದ್ದಾಡುತ್ತಾರೆ. ಐವತ್ತು ವರ್ಷಕ್ಕೂ ಹಿಂದಿನ ಸಿನಿಮಾ ಇದನ್ನು ಇಷ್ಟು ಸ್ಪಷ್ಟವಾಗಿ ಹೇಳಿದೆ. ಆಗ ನಾವು ಕಲ್ಪನಾ ಅವರ ಸೀರೆ, ಅವರ ಅಭಿನಯ ಅಂತ ಮಾತಾಡಿಕೊಂಡೆವು. ಈಗ ನೋಡಿದರೆ ಸುತ್ತಲಿನವರ ಮುಖಗಳನ್ನು ನೋಡಬೇಕು ಅನ್ನಿಸುತ್ತದೆ. ಆ ಮುಖಗಳಲ್ಲಿ ನಮ್ಮದೂ ಇರಬಾರದು. ಇಲ್ಲಿಗೆ ಹೊಸದಾಗಿ ಬಂದ ಗಂಡಸರೂ ಇದನ್ನು ನೋಡಲಿ, ಹೆಂಡತಿಯ ಪಕ್ಕ ಕೂತು ನೋಡಲಿ.

ಅಪ್ಪ ಅಮ್ಮ ಊರಿಂದ ಬಂದಾಗ ನೋಡಬೇಕಾದ್ದು ‘ಸ್ಕೂಲ್ ಮಾಸ್ಟರ್’. 1958ರ ಕಪ್ಪು ಬಿಳುಪು. ಬಿ.ಆರ್. ಪಂತುಲು ನಿರ್ದೇಶಿಸಿ ಅವರೇ ಮೇಷ್ಟ್ರ ಪಾತ್ರ ಮಾಡಿದ್ದಾರೆ, ಹೆಂಡತಿಯಾಗಿ ಎಂ.ವಿ. ರಾಜಮ್ಮ. ‘ಸ್ವಾಮಿ ದೇವನೆ’ ಪ್ರಾರ್ಥನೆ ಗೊತ್ತಿಲ್ಲದ ಅಜ್ಜ ಅಜ್ಜಿ ಇಲ್ಲ. ನಮ್ಮ ಅತ್ತೆ ಅದು ಶುರುವಾದ ಕೂಡಲೇ ಜೊತೆಗೆ ಹಾಡಿದರು. ಅವರ ಶಾಲೆಯಲ್ಲಿ ಬೆಳಿಗ್ಗೆ ಅದನ್ನೇ ಹಾಡಿಸುತ್ತಿದ್ದರಂತೆ. ಮೊಮ್ಮಗ ಬಾಯಿ ಬಿಟ್ಟುಕೊಂಡು ನೋಡಿದ. ಅಜ್ಜಿಯೂ ಶಾಲೆಗೆ ಹೋಗಿದ್ದಳು ಅನ್ನುವುದೇ ಅವನಿಗೆ ಹೊಸ ವಿಷಯ.

ಆದರೆ ಕಥೆಯ ಎರಡನೇ ಅರ್ಧ ಬಂದಾಗ ಕೋಣೆಯಲ್ಲಿ ಮಾತು ನಿಂತಿತು. ಮೇಷ್ಟ್ರು ನಿವೃತ್ತರಾಗುತ್ತಾರೆ. ಬೆಳೆದ ಗಂಡು ಮಕ್ಕಳು ಅಪ್ಪ ಅಮ್ಮನನ್ನು ಹಂಚಿಕೊಳ್ಳುತ್ತಾರೆ. ಅಪ್ಪ ಒಬ್ಬನ ಮನೆಗೆ, ಅಮ್ಮ ಇನ್ನೊಬ್ಬನ ಮನೆಗೆ. ಇಡೀ ಬದುಕು ಜೊತೆಗಿದ್ದ ಗಂಡ ಹೆಂಡತಿ ಮುದಿ ವಯಸ್ಸಿನಲ್ಲಿ ಬೇರೆ ಬೇರೆ. ಆ ಗಂಡು ಮಕ್ಕಳನ್ನು ಬೈಯುವುದು ಸುಲಭ. ಆದರೆ ಹೊರದೇಶದ ನಮ್ಮ ಎಷ್ಟೋ ಮನೆಗಳಲ್ಲಿ ಇದೇ ನಡೆಯುತ್ತದೆ. ಇಲ್ಲಿ ಬಾಣಂತನ ಅಂತ ಅಮ್ಮನನ್ನು ಕರೆಸಿಕೊಳ್ಳುತ್ತೇವೆ, ಅಪ್ಪ ಊರಲ್ಲಿ ಮನೆ ಕಾಯುತ್ತಾ ಒಬ್ಬರೇ ಅಡುಗೆ ಮಾಡಿಕೊಳ್ಳುತ್ತಾರೆ. ಒಬ್ಬ ಮಗಳು ಇಲ್ಲಿ, ಒಬ್ಬ ಮಗ ಅಮೆರಿಕದಲ್ಲಿ ಇದ್ದರೆ ಅಮ್ಮನ ಆರು ತಿಂಗಳು ಇಲ್ಲಿ, ಇನ್ನಾರು ತಿಂಗಳು ಅಲ್ಲಿ. ಮನಸ್ಸು ಕೆಟ್ಟದ್ದಿರುವುದಿಲ್ಲ. ವೀಸಾ, ಟಿಕೆಟ್ಟು, ಇನ್ಶೂರೆನ್ಸು ಲೆಕ್ಕ ಹಾಕಿ ಹಾಕಿ ಆ ಇಬ್ಬರು ಗಂಡ ಹೆಂಡತಿ ಅನ್ನುವುದೇ ಲೆಕ್ಕದಿಂದ ಬಿಟ್ಟು ಹೋಗುತ್ತದೆ. ಮಾವನವರು ಸಿನಿಮಾ ಮುಗಿದ ಮೇಲೆ ಇಷ್ಟೇ ಹೇಳಿದರು: “ಮುಂದಿನ ಸಲ ಬಂದರೆ ಇಬ್ಬರೂ ಬರುತ್ತೇವೆ, ಇಲ್ಲದಿದ್ದರೆ ಇಲ್ಲ.” ಇಷ್ಟು ವರ್ಷ ಅವರು ಬಾಯಿ ಬಿಟ್ಟು ಹೇಳದೇ ಇದ್ದ ಮಾತು ಅದು. ಈಗ ನಮ್ಮ ಮನೆಯಲ್ಲಿ ಅದೇ ನಿಯಮ.

‘ಬಂಗಾರದ ಮನುಷ್ಯ’ ಬಗ್ಗೆ ಎಲ್ಲರೂ ಹೇಳುತ್ತಾರೆ, ಆದರೂ ನನ್ನ ಒಂದು ಮಾತು ಇದೆ. ಇದೂ 1972ರದ್ದೇ. ಟಿ.ಕೆ. ರಾಮರಾವ್ ಅವರ ಕಾದಂಬರಿ, ಸಿದ್ದಲಿಂಗಯ್ಯ ನಿರ್ದೇಶನ. ಬೆಂಗಳೂರಿನ ಸ್ಟೇಟ್ಸ್ ಟಾಕೀಸಿನಲ್ಲಿ ಎರಡು ವರ್ಷದಷ್ಟು ಕಾಲ ಓಡಿದ ಸಿನಿಮಾ. ಇದನ್ನು ನೋಡಿ ಓದಿದ ಹುಡುಗರು ಪಟ್ಟಣ ಬಿಟ್ಟು ಹಳ್ಳಿಗೆ ವಾಪಸ್ಸಾದರು ಅಂತ ಹಿರಿಯರು ಹೇಳುವುದನ್ನು ನಾವೆಲ್ಲ ಕೇಳಿದ್ದೇವೆ. ಇಲ್ಲಿ ಕೂತು ನೋಡುವಾಗ ಆ ಭಾಗ ಎದೆಗೆ ತಾಕದೇ ಇರುವುದಿಲ್ಲ. ಬಂಡೆ ತುಂಬಿದ ಜಮೀನು, ಅದನ್ನು ಒಡೆದು ಹಸಿರು ಮಾಡುವುದು, ಆಗದು ಅಂತ ಕೈ ಕಟ್ಟಿ ಕೂರಬಾರದು ಅನ್ನುವ ಆ ಹಾಡು. ವಾಪಸ್ ಹೋಗಬೇಕು ಅನ್ನುವ ಮಾತು ಪ್ರತಿ ಮನೆಯಲ್ಲೂ ವರ್ಷಕ್ಕೊಮ್ಮೆ ಏಳುತ್ತದಲ್ಲ, ಆ ಮಾತಿಗೆ ಈ ಸಿನಿಮಾ ಎಣ್ಣೆ ಹೊಯ್ಯುತ್ತದೆ. ಹೊಯ್ಯಲಿ.

ಆದರೆ ಮಗಳು ಹಿಡಿದುಕೊಂಡಿದ್ದು ಬೇರೆಯದನ್ನು. ಕಥೆಯ ನಾಯಕ ರಾಜೀವ, ಅಂದರೆ ರಾಜ್‌ಕುಮಾರ್, ತನ್ನ ಭಾವನ ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡು ಭಾವನ ಇನ್ನೊಂದು ಸಂಸಾರಕ್ಕೆ ಸಹಾಯ ಮಾಡುತ್ತಿರುತ್ತಾನೆ. ಅಕ್ಕನ ಮಗ ಅವನ ಮೇಲೆ ಅನುಮಾನಪಟ್ಟು ಅವಮಾನ ಮಾಡುತ್ತಾನೆ. ರಾಜೀವ ಒಂದು ಮಾತೂ ಆಡದೆ, ತಾನೇ ಕಟ್ಟಿದ ಮನೆಯಿಂದ ಎದ್ದು ಹೊರಡುತ್ತಾನೆ. ಆಮೇಲೆ ಸತ್ಯ ಗೊತ್ತಾಗಿ ಎಲ್ಲರೂ ಹುಡುಕುತ್ತಾರೆ, ಅವನು ಸಿಗುವುದಿಲ್ಲ. “ಒಂದು ವಾಕ್ಯ ಹೇಳಿದ್ದರೆ ಸಾಕಿತ್ತು, ಯಾಕೆ ಹೇಳಲಿಲ್ಲ?” ಅನ್ನುವುದು ಅವಳ ಪ್ರಶ್ನೆ. ನಾನು ಚಿಕ್ಕವಳಿದ್ದಾಗ ಈ ಪ್ರಶ್ನೆ ನನಗೆ ಬಂದೇ ಇರಲಿಲ್ಲ. ದೊಡ್ಡ ಮನುಷ್ಯರು ಹೇಳಿಕೊಳ್ಳುವುದಿಲ್ಲ, ಅಷ್ಟೇ. ಇಲ್ಲಿ ಬೆಳೆದ ಮಕ್ಕಳಿಗೆ ಮನಸ್ಸಿನಲ್ಲಿರುವುದನ್ನು ಹೇಳು, ಹೇಳು ಅಂತ ನರ್ಸರಿಯಿಂದ ಕಲಿಸುತ್ತಾರೆ. ಅವರಿಗೆ ಆ ಮೌನ ಅರ್ಥವೇ ಆಗುವುದಿಲ್ಲ.

ಇದರಲ್ಲಿ ನಾನು ಯಾರ ಕಡೆ ಅಂತ ಬಹಳ ಯೋಚಿಸಿದೆ. ನನ್ನ ಮಕ್ಕಳು ಆ ಮೌನ ಕಲಿಯುವುದು ನನಗೆ ಬೇಡ. ನೋವಾದರೆ ಹೇಳಲಿ, ಅನ್ಯಾಯವಾದರೆ ಬಾಯಿ ಬಿಡಲಿ. ಆದರೆ ಅವರ ತಾತನ ಮೌನವನ್ನು ಅವರು ಓದಲು ಕಲಿಯಬೇಕು. ವಿಡಿಯೋ ಕಾಲ್‌ನಲ್ಲಿ “ಚೆನ್ನಾಗಿದ್ದೇನೆ” ಅಂದು ಫೋನನ್ನು ಅಜ್ಜಿಗೆ ಕೊಟ್ಟುಬಿಡುವ ತಾತನಿಗೆ ಹೇಳುವುದು ಏನೂ ಇಲ್ಲ ಅಂತಲ್ಲ. ರಾಜೀವನನ್ನು ನೋಡಿದ ಮೇಲೆ ಮಗಳು ತಾತನ ಹತ್ತಿರ ಮಾತಾಡುವ ರೀತಿಯೇ ಬದಲಾಗಿದೆ. ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುತ್ತಾಳೆ. ತಾತ ಈಗ ತನ್ನ ಮೊದಲ ಕೆಲಸದ ಬಗ್ಗೆ, ಸೈಕಲ್ ಬಗ್ಗೆ ಹೇಳತೊಡಗಿದ್ದಾರೆ.

ಆ ಸಿನಿಮಾದ ರಾಚೂಟಪ್ಪನನ್ನು ಮರೆಯಬೇಡಿ. ಬಾಲಕೃಷ್ಣ ಅವರು. ಅವರಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಆ ಕೊರತೆಯೊಂದಿಗೇ ನೂರಾರು ಸಿನಿಮಾಗಳಲ್ಲಿ ಎದುರಿನವರ ಮಾತಿಗೆ ಅಷ್ಟು ಚುರುಕಾಗಿ ಮಾತು ಕೊಟ್ಟರು. ಇದನ್ನು ಮಕ್ಕಳಿಗೆ ಹೇಳಿ, ಅವರ ದೃಶ್ಯಗಳನ್ನು ಎರಡನೇ ಸಲ ತೋರಿಸಿ. ನಮ್ಮ ಮನೆಯಲ್ಲಿ ಮಗ ಅವರಿಗೆ ಅಭಿಮಾನಿಯಾಗಿಬಿಟ್ಟಿದ್ದಾನೆ.

ಚಿಕ್ಕ ಮಕ್ಕಳಿಗೆ ಯಾವುದು ಅಂತ ಕೇಳುವವರಿಗೆ ನನ್ನ ಮೊದಲ ಉತ್ತರ ‘ಬೆಟ್ಟದ ಹೂವು’. 1985, ಎನ್. ಲಕ್ಷ್ಮೀನಾರಾಯಣ್ ನಿರ್ದೇಶನ, ಹುಡುಗನಾಗಿ ಪುನೀತ್. ರಾಷ್ಟ್ರಪ್ರಶಸ್ತಿ ಬಂದ ಪಾತ್ರ. ಬಡ ಹುಡುಗ ರಾಮುಗೆ ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ಕೊಳ್ಳುವ ಆಸೆ. ಕಾಡಿನ ಹೂವು ಹುಡುಕಿ ತಂದು ಹೊರದೇಶದಿಂದ ಬಂದ ಶೆರ್ಲಿ ಮೇಡಂಗೆ ಕೊಟ್ಟು ದುಡ್ಡು ಕೂಡಿಸುತ್ತಾನೆ. ದುಡ್ಡು ಕೈಗೆ ಬಂದಾಗ ಮನೆಯವರು ಚಳಿಯಲ್ಲಿ ನಡುಗುತ್ತಿರುವುದು ನೆನಪಾಗುತ್ತದೆ, ಪುಸ್ತಕ ಬಿಟ್ಟು ಕಂಬಳಿ ಕೊಳ್ಳುತ್ತಾನೆ. ನಮ್ಮ ಮಕ್ಕಳಿಗೆ ಕೇಳಿದ ಪುಸ್ತಕ ಮರುದಿನವೇ ಬಾಗಿಲಿಗೆ ಬರುತ್ತದೆ. ಒಂದು ಪುಸ್ತಕಕ್ಕೆ ಇಷ್ಟು ದಿನ ಕಾಯುವ ಹುಡುಗ ಅವರಿಗೆ ಬೇರೆ ಲೋಕದವನು. ಆದರೆ ಅವನ ಆಸೆ ಅವರಿಗೆ ಚೆನ್ನಾಗಿ ಗೊತ್ತು. ಪುನೀತ್ ಅವರ ಕಣ್ಣು ಉಳಿದದ್ದೆಲ್ಲ ಹೇಳುತ್ತದೆ. ಈಗ ಅವರಿಲ್ಲ ಅನ್ನುವುದು ಗೊತ್ತಿರುವ ನಮಗೆ ಆ ನಗು ನೋಡುವುದು ಸುಲಭವಲ್ಲ, ಕಣ್ಣೀರು ಬಂದರೆ ಮಕ್ಕಳ ಮುಂದೆ ಒರೆಸಿಕೊಳ್ಳುವುದರಲ್ಲಿ ನಾಚಿಕೆಯೂ ಇಲ್ಲ. ಈ ಕಥೆಯ ಮೂಲ ಶೆರ್ಲಿ ಅರೋರಾ ಅನ್ನುವ ಅಮೆರಿಕದ ಲೇಖಕಿಯದು. ಮಕ್ಕಳು ಓದುವ ವಯಸ್ಸಿಗೆ ಬಂದಾಗ ಆ ಕಾದಂಬರಿಯನ್ನೂ ಕೊಡಬಹುದು.

ಅದಾದ ಮೇಲೆ 1993ರ ‘ಚಿನ್ನಾರಿ ಮುತ್ತ’. ಟಿ.ಎಸ್. ನಾಗಾಭರಣ ಅವರದು. ಎಚ್.ಎಸ್. ವೆಂಕಟೇಶಮೂರ್ತಿ ಬರೆದು ಸಿ. ಅಶ್ವಥ್ ರಾಗ ಹಾಕಿದ ಹಾಡುಗಳು. ಹಳ್ಳಿಯ ಹುಡುಗ ಪಟ್ಟಣದ ಜನಜಂಗುಳಿಯಲ್ಲಿ ತನ್ನವರು ಯಾರು ಅಂತ ಹುಡುಕುತ್ತಾನೆ. ಹೊಸ ದೇಶದ ಹೊಸ ಶಾಲೆಗೆ ಸೇರಿದ ಮಗುವಿಗೆ ಇದಕ್ಕಿಂತ ಹತ್ತಿರದ ಸಿನಿಮಾ ನನಗೆ ಗೊತ್ತಿಲ್ಲ. ನೀವು ಮಕ್ಕಳನ್ನು ಕಟ್ಟಿಕೊಂಡು ಈಗಷ್ಟೇ ಬಂದವರಾದರೆ ಬೇರೆಲ್ಲ ಬಿಟ್ಟು ಇದನ್ನು ಮೊದಲು ಹಾಕಿ. ಸ್ಕೂಲಿನಲ್ಲಿ ಮಾತಾಡಲು ಯಾರೂ ಸಿಗಲಿಲ್ಲ ಅಂತ ಮುಖ ಬಾಡಿಸಿಕೊಂಡು ಬರುವ ಮಗುವಿಗೆ ಮುತ್ತ ಜೊತೆಗಾರ ಆಗುತ್ತಾನೆ.

ಪುರಾಣದ ಸಿನಿಮಾಗಳಲ್ಲಿ ‘ಬಬ್ರುವಾಹನ’ಕ್ಕೆ ಸಾಟಿಯಿಲ್ಲ. 1977. ಅರ್ಜುನನೂ ರಾಜ್‌ಕುಮಾರ್, ಮಗನೂ ರಾಜ್‌ಕುಮಾರ್. ಅಪ್ಪ ಮಗ ಯುದ್ಧಕ್ಕೆ ಮೊದಲು ಹಾಡಿನಲ್ಲೇ ಜಗಳ ಆಡುವ ಭಾಗ ಬಂದಾಗ ಮಕ್ಕಳು ಕದಲುವುದಿಲ್ಲ. ಪಿ.ಬಿ. ಶ್ರೀನಿವಾಸ್ ಮತ್ತು ರಾಜ್‌ಕುಮಾರ್ ಇಬ್ಬರ ಕಂಠ. ಹಳೆಗನ್ನಡದ ವಾಸನೆ ಇರುವ ಆ ಸಾಲುಗಳು ಅರ್ಥವಾಗದಿದ್ದರೂ ಅವರಿಗೆ ಬಾಯಿಪಾಠ ಆಗುತ್ತವೆ. ಊಟದ ಮೇಜಿನ ಮೇಲೆ ಅಪ್ಪನಿಗೇ ಸವಾಲು ಹಾಕುತ್ತಾರೆ. ನಗಬೇಕು ಅನ್ನಿಸಿದಾಗ ‘ಗಣೇಶನ ಮದುವೆ’. ಫಣಿ ರಾಮಚಂದ್ರ ಅವರ 1990ರ ವಠಾರ, ಅನಂತ್‌ನಾಗ್, ವಿನಯಾಪ್ರಸಾದ್. ಎದುರು ಬದುರು ಮನೆಯವರು ಜಗಳ ಆಡುತ್ತಲೇ ಒಬ್ಬರ ಬದುಕಿನೊಳಗೆ ಒಬ್ಬರು ಬರುವ ಆ ಸಂಭ್ರಮ ಇಲ್ಲಿನ ಬೀದಿಗಳಲ್ಲಿ ಸಿಗುವುದಿಲ್ಲ. ‘ಭೂತಯ್ಯನ ಮಗ ಅಯ್ಯು’ ಹಾಕಿದರೆ ಲೋಕನಾಥ್ ಅವರ ಉಪ್ಪಿನಕಾಯಿ ದೃಶ್ಯ ಬಂದಾಗ ಮನೆಯಲ್ಲಿ ಜಾಡಿ ಇರಲಿ, ಯಾಕೆಂದರೆ ಎಲ್ಲರೂ ಕೇಳುತ್ತಾರೆ.

ಎಲ್ಲ ಹಳೇ ಸಿನಿಮಾವೂ ಚಿನ್ನ ಅಂತ ನಾನು ಹೇಳುವುದಿಲ್ಲ. ‘ಸಂಪತ್ತಿಗೆ ಸವಾಲ್’ನಲ್ಲಿ ಎಮ್ಮೆಯ ಮೇಲೆ ಕೂತು ರಾಜ್‌ಕುಮಾರ್ ಹಾಡುವ ಹಾಡಿಗೆ ಮಗ ಕುಣಿಯುತ್ತಾನೆ, ನಾನೂ ಕುಣಿಯುತ್ತೇನೆ. ಮಂಜುಳಾ ಅವರ ಆ ಗತ್ತು ನೋಡಲು ಚೆಂದ. ಆದರೆ ಜೋರಿನ ಹುಡುಗಿಯ ಸೊಕ್ಕು ಮುರಿದು ಅವಳನ್ನು ಬಗ್ಗಿಸುವುದೇ ಕಥೆಯ ಗೆಲುವು ಅನ್ನುವ ಧಾಟಿ ನನಗೆ ಈಗ ಹಿಡಿಸುವುದಿಲ್ಲ. ಆ ಕಾಲದ ಬಹಳ ಸಿನಿಮಾಗಳಲ್ಲಿ ಇದು ಇದೆ, ಕೆನ್ನೆಗೆ ಹೊಡೆದ ಮೇಲೆ ಪ್ರೀತಿ ಹುಟ್ಟುವುದೂ ಇದೆ. ನಾನು ಅಂಥವನ್ನು ಮುಚ್ಚಿಡುವುದಿಲ್ಲ. ನಿಲ್ಲಿಸಿ, ಇದು ಸರಿಯಲ್ಲ ಅಂತ ಹೇಳಿ, ಮುಂದೆ ಹಾಕುತ್ತೇನೆ. ಅಜ್ಜಿ ಪಕ್ಕದಲ್ಲಿದ್ದರೆ ಚರ್ಚೆ ಇನ್ನೂ ಜೋರು. ನಮ್ಮ ಅತ್ತೆಯೇ ಒಂದು ಸಲ, “ಆಗಲೂ ನಮಗೆ ಇದು ಇಷ್ಟ ಇರಲಿಲ್ಲ, ಕೇಳೋರು ಯಾರಿದ್ದರು?” ಅಂದರು. ಮಗಳು ಅಜ್ಜಿಯನ್ನು ತಬ್ಬಿಕೊಂಡಳು.

ನೋಡುವ ರೀತಿಯ ಬಗ್ಗೆ ಎರಡು ಮಾತು. ಎರಡೂವರೆ ಮೂರು ಗಂಟೆ ಒಂದೇ ಸಲಕ್ಕೆ ಕೂರಿಸಬೇಡಿ. ಇಂಟರ್‌ವಲ್ ಇರುವುದು ಸುಮ್ನೆ ಅಲ್ಲ, ಅಲ್ಲಿ ನಿಲ್ಲಿಸಿ ಉಳಿದದ್ದನ್ನು ಮರುದಿನ ನೋಡಿ. ಮುಂದೇನಾಗುತ್ತದೆ ಅಂತ ಅವರೇ ಊಹೆ ಮಾಡಿಕೊಂಡು ಬರುತ್ತಾರೆ. ಸಬ್‌ಟೈಟಲ್ ಇದ್ದರೆ ಹಾಕಿ, ಸಂಕೋಚ ಬೇಡ. ಕಥೆ ಬಿಟ್ಟುಹೋದರೆ ಭಾಷೆಯೂ ಬಿಟ್ಟುಹೋಗುತ್ತದೆ. ಕಪ್ಪು ಬಿಳುಪು ಅಂತ ಮುಖ ಸಿಂಡರಿಸುವವರಿಗೆ ‘ಸತ್ಯ ಹರಿಶ್ಚಂದ್ರ’ ಬಣ್ಣದಲ್ಲೂ ಇದೆ, 1965ರ ಸಿನಿಮಾಗೆ ಬಣ್ಣ ತುಂಬಿ 2008ರಲ್ಲಿ ಬಿಟ್ಟರು. ‘ಕಸ್ತೂರಿ ನಿವಾಸ’ಕ್ಕೂ 2014ರಲ್ಲಿ ಹಾಗೇ ಮಾಡಿದರು. ಶುರುವಿಗೆ ಅದು ಒಳ್ಳೆಯದೇ. ಆದರೆ ‘ಸತ್ಯ ಹರಿಶ್ಚಂದ್ರ’ದ ಸ್ಮಶಾನದ ದೃಶ್ಯಗಳನ್ನಾದರೂ ಕಪ್ಪು ಬಿಳುಪಿನಲ್ಲಿ ನೋಡಬೇಕು. ಚಂದ್ರಮತಿಯಾಗಿ ಪಂಡರಿಬಾಯಿ ಅವರ ಮುಖದ ಮೇಲಿನ ಆ ನೆರಳು ಬಣ್ಣದಲ್ಲಿ ತೆಳುವಾಗಿದೆ.

ನಮ್ಮದೇ ಕಥೆ ಅಂತ ಇರುವುದು ‘ಅಮೆರಿಕ ಅಮೆರಿಕ’. ನಾಗತಿಹಳ್ಳಿ ಚಂದ್ರಶೇಖರ್ ಅವರದು, 1990ರ ದಶಕದ್ದು, ಮಕ್ಕಳ ಲೆಕ್ಕದಲ್ಲಿ ಅದೂ ಹಳೇ ಸಿನಿಮಾವೇ. ಗೋಪಾಲಕೃಷ್ಣ ಅಡಿಗರ ‘ಯಾವ ಮೋಹನ ಮುರಳಿ’ ಕವಿತೆಯನ್ನು ಮನೆ ಮನೆಗೆ ಮುಟ್ಟಿಸಿದ್ದು ಅದು. ಬಂದ ಹೊಸದರಲ್ಲಿ ನೋಡಿದಾಗ ನನಗೆ ಕೋಪ ಬಂದಿತ್ತು. ಹೋದವನು ದುಡ್ಡಿನ ಹಿಂದೆ, ಉಳಿದವನು ಮಣ್ಣಿನ ಜೊತೆ ಅನ್ನುವ ಹಾಗೆ ಇಬ್ಬರು ಗೆಳೆಯರನ್ನು ಎದುರುಬದುರು ನಿಲ್ಲಿಸುವುದು ನ್ಯಾಯವಲ್ಲ ಅಂತ ಈಗಲೂ ಅನ್ನಿಸುತ್ತದೆ. ಆದರೆ ಮತ್ತೆ ನೋಡಿದಾಗ, ಮದುವೆಯಾಗಿ ಅಲ್ಲಿಗೆ ಹೋದ ನಾಯಕಿ ಭೂಮಿಯ ಒಂಟಿತನ ನಿಜ ಅನ್ನಿಸಿತು. ಗಂಡ ಕೆಲಸಕ್ಕೆ ಹೋದ ಮೇಲಿನ ಆ ಉದ್ದದ ಹಗಲುಗಳನ್ನು ಆ ಕಾಲದಲ್ಲಿ ಇಷ್ಟು ಚೆನ್ನಾಗಿ ಬೇರೆ ಯಾರೂ ತೋರಿಸಿರಲಿಲ್ಲ. ನಮ್ಮ ಮಕ್ಕಳಿಗೆ ಅದರಲ್ಲಿ ತಮ್ಮ ಜಾಗವೇ ಇಲ್ಲ, ಅದು ಬಂದವರ ಕಥೆ, ಇಲ್ಲೇ ಹುಟ್ಟಿದವರ ಕಥೆಯಲ್ಲ. ಅವರ ಕಥೆಯನ್ನು ಅವರಲ್ಲೇ ಒಬ್ಬರು ಮುಂದೆ ಕನ್ನಡದಲ್ಲಿ ಮಾಡಲಿ ಅನ್ನುವುದು ನನ್ನ ದೊಡ್ಡ ಆಸೆ.

ಇನ್ನು ಮುಂದಿನ ಪಾಳಿ ‘ನಾಂದಿ’. ‘ಬೆಟ್ಟದ ಹೂವು’ ಮಾಡಿದ ಎನ್. ಲಕ್ಷ್ಮೀನಾರಾಯಣ್ ಅವರ ಮೊದಲ ಸಿನಿಮಾ, 1964. ಕಿವಿ ಕೇಳದ, ಮಾತು ಬಾರದ ಹೆಂಡತಿಯಾಗಿ ಹರಿಣಿ, ಗಂಡನಾಗಿ ರಾಜ್‌ಕುಮಾರ್. ಹೊಡೆದಾಟವಿಲ್ಲ, ಅಬ್ಬರವಿಲ್ಲ. ‘ಹಾಡೊಂದ ಹಾಡುವೆ’ ಅನ್ನುವ ಆ ಜೋಗುಳ ಗೊತ್ತಿರುವವರಿಗೂ ಅದು ಯಾವ ಮನೆಯಲ್ಲಿ, ಯಾವ ಭಯದ ನಡುವೆ ಹುಟ್ಟಿದ ಹಾಡು ಅನ್ನುವುದು ಸಿನಿಮಾ ನೋಡಿದರೇನೇ ತಿಳಿಯುವುದು. ಮಗಳು ಶಾಲೆಯಲ್ಲಿ ಗೆಳತಿಗೋಸ್ಕರ ಸನ್ನೆ ಭಾಷೆ ಕಲಿಯುತ್ತಿದ್ದಾಳೆ. ಅರವತ್ತು ವರ್ಷದ ಹಿಂದೆ ಕನ್ನಡದಲ್ಲಿ ಇಂಥದ್ದೊಂದು ಸಿನಿಮಾ ಬಂದಿತ್ತು ಅಂದಾಗ ಅವಳು ನಂಬಲಿಲ್ಲ. ಆ ಗೆಳತಿಯನ್ನೂ ಮನೆಗೆ ಕರೆದು ಒಟ್ಟಿಗೆ ನೋಡಬೇಕಂತೆ, ಅದಕ್ಕೆ ಇಂಗ್ಲಿಷ್ ಸಬ್‌ಟೈಟಲ್ ಬೇಕು. ನನಗೆ ಸಿಕ್ಕ ಪ್ರಿಂಟಿನಲ್ಲಿ ಅದಿಲ್ಲ, ಧ್ವನಿಯೂ ಗೊರಗೊರ ಅನ್ನುತ್ತದೆ. ಸಬ್‌ಟೈಟಲ್ ಇರುವ ಒಳ್ಳೆಯ ಪ್ರತಿ ಎಲ್ಲಿ ಸಿಗುತ್ತದೆ ಅಂತ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಸಿಗದಿದ್ದರೆ ನಾನೂ ಮಗಳೂ ಕೂತು ನಾವೇ ಬರೆಯುತ್ತೇವೆ. ಜೊತೆಗೆ ಕೂರಲು ಯಾರಾದರೂ ಬರುವುದಾದರೆ ಇನ್ನೂ ಒಳ್ಳೆಯದು.